ಕಾಗದದ ಕೌದಿ

ಮೊನ್ನೆ ಸಂಜೆ ಬನಶಂಕರಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಬ್ಬಾತ ಗೋಡೆಗೆ ಪೋಸ್ಟರು ಅಂಟಿಸುತ್ತಿದ್ದ. ಕಾಲ ಬಳಿ ಹಳೆಯ ಪೇಂಟಿನ ಡಬ್ಬದಲ್ಲಿ ಮೈದಾ ಅಂಟು, ಕೈಯಲ್ಲಿ ಸವೆದ ಕುಂಚ. ಅವನು ಗೋಡೆಗೆ ಒಂದು ಸಲ ಬಳಿದನೋ ಇಲ್ಲವೋ, ಆ ವಾಸನೆ ನನ್ನವರೆಗೆ ಬಂತು. ಬೆಂದ ಹಿಟ್ಟಿನ ವಾಸನೆ, ಅದರ ಬೆನ್ನಿಗೇ ಸ್ವಲ್ಪ ಹುಳಿ, ಹುಳ ಬೀಳದಿರಲೆಂದು ಹಾಕುವ ಮೈಲುತುತ್ತದ ಒಂದು ಒಗರು. ಅಂಜನಾಪುರದ ಬಸ್ಸು ಬಂದು, ಜನರನ್ನು ತುಂಬಿಕೊಂಡು ಹೊರಟುಹೋಯಿತು. ನಾನು ಹತ್ತಲಿಲ್ಲ. "ಏನ್ ಮೇಡಂ, ಅಡ್ರೆಸ್ ಏನಾದ್ರೂ ಬೇಕಿತ್ತಾ?" ಎಂದು ಆತನೇ ಕೇಳಿದ. ಏನೂ ಇಲ್ಲಪ್ಪ ಎಂದೆ. ನಿಮಗೂ ಹೀಗೆ ಆಗಿದ್ದೀತು. ಯಾರದೋ ಅಡುಗೆಮನೆಯ ಒಗ್ಗರಣೆ, ಯಾರದೋ ಸೀರೆಯ ನುಸಿಗುಳಿಗೆ, ಅಷ್ಟು ಸಾಕು. ಹೋಗಬೇಕಾದ ಕಡೆಗೆ ಕಾಲು ಏಳುವುದಿಲ್ಲ. ಈ ವಾಸನೆ ನಮ್ಮ ದೊಡ್ಡಮ್ಮನ ಅಡುಗೆಮನೆಯದು. ಶನಿವಾರ ಮಧ್ಯಾಹ್ನ ಊಟವಾಗಿ, ಒಲೆ ಒರೆಸಿದ ಮೇಲೆ, ಆಕೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮೈದಾ ಕದಡಿ ಸಣ್ಣ ಉರಿಯಲ್ಲಿಟ್ಟು, ಗಂಟಾಗದ ಹಾಗೆ ತಿರುವುತ್ತಾ ನಿಲ್ಲುತ್ತಿದ್ದರು. ಅದು ಮುತ್ತಿನ ಬಣ್ಣಕ್ಕೆ ತಿರುಗಿ, ಸೌಟಿನಿಂದ ಎಳೆಯಾಗಿ ಇಳಿಯತೊಡಗಿದಾಗ, "ಪುಟ್ಟೀ, ಬಟ್ಟೆ ತಗೊಂಬಾ" ಎಂದು ಕರೆಯುತ್ತಿದ್ದರು.

ದೊಡ್ಡಮ್ಮನ ಮನೆ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ, ತಿಲಕ್ ನಗರದ ಕಡೆಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿತ್ತು. ಮುಂದೆ ಒಂದು ಹೊಂಗೆಮರ, ಒಳಗೆ ಕೆಂಪು ಗಾರೆಯ ನೆಲ, ಹಿಂದೆ ಬಟ್ಟೆ ಒಗೆಯುವ ಕಲ್ಲು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ರಸ್ತೆಗಿದ್ದ ಕೋಣೆಯಲ್ಲಿ ಕಾದಂಬರಿಗಳನ್ನು ಎರವಲು ಕೊಡುವ ಒಂದು ಪುಟ್ಟ ಲೈಬ್ರರಿ ಇಟ್ಟುಕೊಂಡಿದ್ದರು. ಬೋರ್ಡು ಇರಲಿಲ್ಲ, ಸರೋಜಮ್ಮನ ಲೈಬ್ರರಿ ಎಂದರೆ ಸುತ್ತಮುತ್ತಲಿನ ಹೆಂಗಸರಿಗೆಲ್ಲ ಗೊತ್ತಿತ್ತು. ತರಕಾರಿಗೆ ಹೊರಟವರು, ಕೆಲಸ ಬಿಟ್ಟು ಬಂದವರು, ಕೈಚೀಲದಲ್ಲಿ ಸೊಪ್ಪಿನ ಕಟ್ಟಿನ ಜೊತೆ ಎರಡು ಪುಸ್ತಕ ಹಾಕಿಕೊಂಡು ಹೋಗುತ್ತಿದ್ದರು. ಪುಸ್ತಕಗಳಿಗೆಲ್ಲ ಒಂದೇ ಬಗೆಯ ಕಂದು ರಟ್ಟಿನ ಬೈಂಡು. ವಾಪಸು ಬಂದ ಪ್ರತಿಯೊಂದನ್ನೂ ದೊಡ್ಡಮ್ಮ ಬಿಡಿಸಿ, ಮಡಿಸಿದ ಪುಟಗಳ ಮೂಲೆಗಳನ್ನು ಹೆಬ್ಬೆರಳಿನಿಂದ ನೀವಿ ನೇರ ಮಾಡುತ್ತಿದ್ದರು. "ಹೀಗೆ ಮಡಿಸೋದು ಅಂದ್ರೆ ಪುಸ್ತಕದ ಕಿವಿ ಹಿಂಡಿದ ಹಾಗೆ ಕಣೇ" ಎನ್ನುವರು. ಹೀಗೆ ಹುಟ್ಟಿದ್ದು ಓದು ನಿಲ್ಲಿಸಿದ ಪುಟದಲ್ಲಿ ಇಡುವ ಅವರ ಗುರುತುಪಟ್ಟಿಗಳು. ಬರೀ ಕಾಗದದ ಪಟ್ಟಿ ಕೊಟ್ಟರೆ ಜನ ಅದರ ಮೇಲೆ ಹಾಲಿನ ಲೆಕ್ಕ ಬರೆದು ಎಸೆಯುತ್ತಿದ್ದರು. ಬಟ್ಟೆಯದು ಕೊಟ್ಟರೆ ಅಂಚು ನೂಲು ಬಿಡುತ್ತಿತ್ತು. ಎರಡನ್ನೂ ಸೇರಿಸಿ ನೋಡೋಣವೆಂದು ದೊಡ್ಡಮ್ಮ ತಾವೇ ಕಂಡುಕೊಂಡ ವಿದ್ಯೆ ಕಾಗದದ ಬಟ್ಟೆ.

ಅದನ್ನು ಮಾಡುವ ಕ್ರಮ ನನಗೆ ಈಗಲೂ ಕೈಗೆ ನೆನಪಿದೆ. ತಾರಸಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಹಳೆಯ ಪಂಚೆಯ ತೆಳುವಾದ ತುಂಡನ್ನು ಸುಕ್ಕಿಲ್ಲದಂತೆ ಹರಡಬೇಕು. ಅದರ ಮೇಲೆ ನೀರಾದ ಅಂಟು ಸವರಬೇಕು. ಆಮೇಲೆ ಕಾಗದ. ಹಣ್ಣಿನ ಅಂಗಡಿಯಲ್ಲಿ ಸೇಬಿಗೆ ಸುತ್ತಿ ಬರುತ್ತಿದ್ದ ನೇರಳೆ ಬಣ್ಣದ ತೆಳು ಕಾಗದ, ಗಾಳಿಪಟದ ಕಾಗದ, ಸೀರೆ ಅಂಗಡಿಯವರು ಮಡಿಕೆಯ ನಡುವೆ ಇಡುವ ಬಿಳಿಯ ಹಾಳೆ, ಎಲ್ಲವನ್ನೂ ಕೈಯಲ್ಲೇ ಹರಿದು, ತುಂಡಿನ ಅಂಚು ತುಂಡಿನ ಮೇಲೆ ಬರುವಂತೆ ಜೋಡಿಸಬೇಕು. ಕತ್ತರಿ ಕೂಡದು, ಹರಿದ ಅಂಚಾದರೆ ಒಂದರೊಳಗೊಂದು ಸೇರಿಕೊಳ್ಳುತ್ತದೆ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಮೇಲೆ ಇನ್ನೊಂದು ಸಲ ಅಂಟು, ಬೇಕಾದರೆ ಒಂದೆರಡು ಹೊಂಗೆ ಹೂವಿನ ಎಸಳು. ಬಿಸಿಲಿಗೆ ಬಿಟ್ಟರೆ ಸಂಜೆಯ ಹೊತ್ತಿಗೆ ಅದು ಸಣ್ಣಗೆ ಚಟಗುಟ್ಟುತ್ತಾ ಪ್ಲಾಸ್ಟಿಕ್ಕಿನಿಂದ ತಾನೇ ಬಿಡಿಸಿಕೊಳ್ಳುತ್ತಿತ್ತು. ಕೈಯಲ್ಲಿ ಹಿಡಿದರೆ ಅತ್ತ ಕಾಗದವೂ ಅಲ್ಲ, ಇತ್ತ ಬಟ್ಟೆಯೂ ಅಲ್ಲ. ಮುದುಡಿ ಬಿಟ್ಟರೆ ಹರಿಯದೆ, ವಯಸ್ಸಾದವರ ಕೈಯ ಚರ್ಮದ ಹಾಗೆ ಮೆತ್ತಗಾಗುತ್ತಿತ್ತು.

ನಾನು ಆ ಮನೆಗೆ ಬಂದದ್ದು ನಾಲ್ಕನೇ ತರಗತಿಯಲ್ಲಿದ್ದಾಗ, ಅಮ್ಮ ತೀರಿಕೊಂಡ ವರ್ಷ. ಅಪ್ಪನಿಗೆ ತುಮಕೂರಿನಲ್ಲಿ ಕೆಲಸ. ಹೆಣ್ಣುಮಗುವನ್ನು ಒಬ್ಬರೇ ಹೇಗೆ ನೋಡಿಕೊಳ್ಳುವುದೆಂದು ಹಿರಿಯರು ಮಾತಾಡಿಕೊಂಡು, ಅಮ್ಮನ ಅಕ್ಕನಾದ ಸರೋಜಾ ದೊಡ್ಡಮ್ಮನ ಬಳಿ ನನ್ನನ್ನು ಬಿಟ್ಟರು. ಒಂದು ಟ್ರಂಕು ಜೊತೆಗೆ ಬಂತು. ಅದರಲ್ಲಿ ನನ್ನ ಲಂಗಗಳ ಅಡಿಯಲ್ಲಿ ಅಮ್ಮನ ಒಂದು ವಾಯಿಲ್ ಸೀರೆ ಇತ್ತು. ಕನಕಾಂಬರದ ಬಣ್ಣ, ಮೈಯೆಲ್ಲ ಸಾಸಿವೆಯಷ್ಟು ಸಣ್ಣ ಬಿಳಿಚುಕ್ಕೆ. ಅಮ್ಮ ಮನೆಯಲ್ಲಿ ಉಡುತ್ತಿದ್ದ ಸೀರೆ ಅದು; ಒಳ್ಳೆಯವನ್ನೆಲ್ಲ ನೆಂಟರು ಹಂಚಿಕೊಂಡಿದ್ದರು. ನಾನು ಅದನ್ನು ಸುತ್ತಿಕೊಂಡು ಮಲಗುತ್ತಿದ್ದೆ. ಹಗಲು ಶಾಲೆಗೆ ಹೋಗುತ್ತಿದ್ದೆ, ಊಟ ಮಾಡುತ್ತಿದ್ದೆ, ಹೇಳಿದ ಕೆಲಸ ಮಾಡುತ್ತಿದ್ದೆ. ಆದರೆ ಅಮ್ಮನ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಶಾಲೆಯಲ್ಲಿ ಕೇಳಿದವರಿಗೆ ಅಮ್ಮ ತುಮಕೂರಿನಲ್ಲಿದ್ದಾರೆ ಎನ್ನುತ್ತಿದ್ದೆ. ದೊಡ್ಡಮ್ಮ ಅದನ್ನು ತಿದ್ದಲಿಲ್ಲ. ತಂಗಿಯನ್ನು ಕಳೆದುಕೊಂಡ ಆಕೆಗೂ ಆ ಮಾತು ಬಾಯಿಗೆ ಬರುತ್ತಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಒಂದೇ ಮನೆಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅಳುತ್ತಿದ್ದೆವು. ಆಕೆ ಬಚ್ಚಲಲ್ಲಿ, ನಾನು ಸೀರೆಯೊಳಗೆ.

ತಾರಸಿಯ ಮೇಲೊಂದು ಸಿಮೆಂಟ್ ಶೀಟಿನ ಕೋಣೆಯಿತ್ತು. ಮಾರನೆಯ ವರ್ಷ ಅಲ್ಲಿಗೆ ಶಾಂತವ್ವ ಬಾಡಿಗೆಗೆ ಬಂದಳು. ರೋಣದ ಕಡೆಯವಳು, ಹೊಸದಾಗಿ ಮದುವೆಯಾಗಿತ್ತು. ಗಂಡ ಒಂದು ಆಫೀಸಿನಲ್ಲಿ ಕಾವಲಿನ ಕೆಲಸಕ್ಕಿದ್ದ, ಇವಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಾನು ಅವಳನ್ನು ಶಾಂತಕ್ಕ ಎಂದು ಕರೆಯುತ್ತಿದ್ದೆ. ರಜೆಯ ದಿನ ತಾರಸಿಯಲ್ಲಿ ತಲೆಗೂದಲು ಒಣಗಿಸಿಕೊಳ್ಳುತ್ತ ಅವಳು ನಮ್ಮ ಕಾಗದದ ಬಟ್ಟೆಯನ್ನು ನೋಡಿದಳು. ಒಂದು ತುಂಡನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, "ಚೊಲೊ ಐತ್ರಿ ಅಕ್ಕಾರ. ಆದ್ರ ಒಂದ ಪದರ ಅಂದ್ರ ಇದಕ್ಕ ಮೈಯಾಗ ಜೀವಾ ಇಲ್ಲ" ಎಂದಳು. ಅವರ ಊರಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲಿನಿಂದ ಸಣ್ಣ ಸಣ್ಣ ಟಾಕು ಹಾಕುತ್ತಾ ಕೌದಿ ಹೊಲಿಯುತ್ತಾರೆ. ಅವಳ ತವರಿನಿಂದ ಬಂದ ಕೌದಿ ಒಂದು ಅವಳ ಕೋಣೆಯಲ್ಲಿತ್ತು. ಅದೇ ರೀತಿ ಇದನ್ನೂ ಮಾಡೋಣವೆಂದಳು. ಮೇಲೊಂದು ಕಾಗದದ ಬಟ್ಟೆ, ಕೆಳಗೊಂದು, ನಡುವೆ ಗಾರ್ಮೆಂಟ್ಸಿನ ಕಟ್‌ಪೀಸಿನ ಮೆತ್ತನೆಯ ಪದರ. ಅಂಗೈಯಗಲದ ಪಟ್ಟಿಯ ಮೇಲೆ ಒತ್ತೊತ್ತಾಗಿ ಸಾಲು ಹೊಲಿಗೆ. ದೊಡ್ಡಮ್ಮನಿಗೆ ಸೂಜಿ ಅಷ್ಟು ಪಳಗಿರಲಿಲ್ಲ, ಟಾಕು ಸೊಟ್ಟಗೆ ಹೋಗುತ್ತಿತ್ತು. "ಇರ್ಲಿ ಬಿಡ್ರಿ, ಸ್ವಾಟ ಹೋದ್ರ ಹೋಗ್ಲಿ. ಎಲ್ಲಾ ನೆಟ್ಟಗಿದ್ರ ಮಿಷನ್ ಹೊಲದಂಗ ಕಾಣತೈತಿ" ಎಂದು ಶಾಂತಕ್ಕ ನಗುತ್ತಿದ್ದಳು. ದೊಡ್ಡಮ್ಮನೂ ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಅವರು ಬಾಯಿ ತುಂಬ ನಕ್ಕದ್ದನ್ನು ಅಂದೇ ಮೊದಲು ಕೇಳಿದ್ದು.

ಅಮ್ಮನ ಸೀರೆ ಅಷ್ಟರಲ್ಲಿ ಜೀರ್ಣವಾಗಿತ್ತು. ರಾತ್ರಿಯೆಲ್ಲ ಹಿಡಿದು ಎಳೆದು ಅದು ನಡುವೆ ಸೀಳಿತ್ತು. ಒಗೆಯಲು ಹಾಕಿದರೆ ಚಿಂದಿಯಾಗುತ್ತದೆಂದು ದೊಡ್ಡಮ್ಮ ಹೆದರುತ್ತಿದ್ದರು, ಒಗೆಯದಿದ್ದರೆ ಧೂಳಿನ ವಾಸನೆ. ಅಮ್ಮನ ವಾಸನೆ ಅದರಲ್ಲಿ ಎಂದೋ ಹೋಗಿತ್ತು. ನಾನು ಮಾತ್ರ ಇದೆಯೆಂದೇ ಹಟ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಏಳುವಾಗ ಸೀರೆ ನನ್ನ ಕಾಲಿಗೆ ತೊಡರಿ ಉದ್ದಕ್ಕೂ ಹರಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ನಾನು ಕಿರುಚಿಕೊಂಡದ್ದಕ್ಕೆ ಶಾಂತಕ್ಕ ಮೇಲಿನಿಂದ ಓಡಿಬಂದಳು. ನೆಲದ ಮೇಲೆ ಕೂತು ಸೀರೆಯ ತುಂಡುಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡಳು.

"ಅಳಬ್ಯಾಡವಾ. ಇದು ಕೌದಿಗೆ ಸಾಲೂದಿಲ್ಲ. ಆದ್ರ ಹೊಲಿಯಾಕ ಬರತೈತಿ. ಹೊಲದ್ರ ಉಳಿತೈತಿ ನೋಡು" ಎಂದಳು.

ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. "ಅವಳಿಗೆ ಇಷ್ಟ ಇದ್ರೆ ಮಾತ್ರ ಶಾಂತಾ" ಎಂದರು. ನಾನು ತಲೆಯಾಡಿಸಿದೆ.

ಆ ಭಾನುವಾರ ತಾರಸಿಯ ಮೇಲೆ ಪಂಚೆಯ ಬದಲು ಅಮ್ಮನ ಸೀರೆಯ ತುಂಡುಗಳನ್ನು ಹಾಸಿದೆವು. ಅವುಗಳ ಮೇಲೆ ಬರೀ ಬಿಳಿಯ ತೆಳು ಕಾಗದ ಸಾಕೆಂದು ದೊಡ್ಡಮ್ಮ ಹೇಳಿದರು. ಅಂಟು ಕುಡಿದ ಕೂಡಲೇ ಕಾಗದ ನೀರಿನಂತೆ ತಿಳಿಯಾಯಿತು. ಅದರೊಳಗಿನಿಂದ ಕನಕಾಂಬರದ ಬಣ್ಣ, ಬಿಳಿಚುಕ್ಕೆಗಳು ಮೇಲಕ್ಕೆದ್ದು ಬಂದವು. ದೊಡ್ಡಮ್ಮನ ಕೈ ಕುಂಚದೊಂದಿಗೆ ಹಾಗೇ ನಿಂತಿತು. "ಮಂಜುಗೆ ಈ ಬಣ್ಣ ಎಷ್ಟು ಚೆನ್ನಾಗಿ ಒಪ್ತಿತ್ತು" ಎಂದರು. ಮಂಜುಳಾ ಅಮ್ಮನ ಹೆಸರು. ಅಮ್ಮ ಹೋದ ಮೇಲೆ ಆ ಹೆಸರು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲ ಸಲ. ನಾನು ಎದ್ದುಹೋಗಲಿಲ್ಲ. ಕೈಯೆಲ್ಲ ಅಂಟಾಗಿತ್ತು.

ಸೀರೆಯಿಂದಾದ ಗುರುತುಪಟ್ಟಿಗಳು ಕೆಲವೇ. ಅಪ್ಪ ನನ್ನನ್ನು ನೋಡಲು ಬಂದಾಗ ದೊಡ್ಡಮ್ಮ ಅವರಿಗೊಂದು ಕೊಟ್ಟರು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು. ದೊಡ್ಡಮ್ಮ ಒಂದನ್ನು ತಮ್ಮ ದೇವರ ಪುಸ್ತಕದಲ್ಲಿಟ್ಟರು. ಉಳಿದವು ನನ್ನವು. ಅವುಗಳಲ್ಲಿ ಒಂದು, ನಾನೇ ಮೊದಲಿನಿಂದ ಕೊನೆಯವರೆಗೆ ಹೊಲಿದದ್ದು, ನನಗೆ ಬಲು ಪ್ರೀತಿಯದು. ಒಂದು ಮೂಲೆಯಲ್ಲಿ ಶಾಂತಕ್ಕ ಕೌದಿಗೆ ಹಾಕುವಂಥ ಮುಕ್ಕೋನದ ತುಂಡೊಂದನ್ನು ಕೂರಿಸಿಕೊಟ್ಟಿದ್ದಳು. ನಾನು ವಯಸ್ಸಿಗೆ ಮೀರಿದ ಒಂದು ದಪ್ಪ ಕಾದಂಬರಿ ಓದುತ್ತಿದ್ದೆ. ಅದರೊಳಗೆ ಅದನ್ನಿಟ್ಟು, ಪುಸ್ತಕವನ್ನು ಕಿಟಕಿಯ ಮೇಲೆ ಬಿಟ್ಟು ಶಾಲೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಕಿಟಕಿಯ ಮೇಲೆ ಪುಸ್ತಕವಿಲ್ಲ. ಎಲ್ಲಕ್ಕೂ ಒಂದೇ ಕಂದು ರಟ್ಟು ನೋಡಿ, ವಾಪಸು ಬಂದದ್ದೆಂದು ತಿಳಿದು ದೊಡ್ಡಮ್ಮ ಅದನ್ನು ಲಲಿತಾ ಟೀಚರಿಗೆ ಕೊಟ್ಟುಬಿಟ್ಟಿದ್ದರು.

ಲಲಿತಾ ಟೀಚರ್ ತಿಲಕ್ ನಗರದಲ್ಲಿ ಒಬ್ಬರೇ ಇದ್ದ ನಿವೃತ್ತ ಉಪಾಧ್ಯಾಯಿನಿ. ವಾರಕ್ಕೊಮ್ಮೆ ಕೊಡೆ ಊರಿಕೊಂಡು ಬರುತ್ತಿದ್ದರು. ಪುಸ್ತಕ ಹಿಂದಿರುಗಿಸುವಾಗ ದೊಡ್ಡಮ್ಮ ಎಲ್ಲರನ್ನೂ ಕೇಳುವ ಹಾಗೆ "ಹೇಗಿತ್ತು ಮಿಸ್?" ಎಂದರೆ, "ಚೆನ್ನಾಗಿತ್ತು ಸರೋಜಾ, ಕೊನೆ ಮಾತ್ರ ಸ್ವಲ್ಪ ಎಳೆದಿದಾರೆ" ಎನ್ನುತ್ತಿದ್ದರು. ಆಮೇಲೆ ಬೆಂಚಿನ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದು, ಹವೆ, ನೀರು, ಪಕ್ಕದ ಮನೆಯವರ ನಾಯಿ ಎಂದು ಮಾತಾಡಿ ಹೋಗುತ್ತಿದ್ದರು. ಮುಂದಿನ ವಾರ ಬಂದೇ ಬರುತ್ತಾರೆ ಎಂದು ದೊಡ್ಡಮ್ಮ ನನ್ನನ್ನು ಸಮಾಧಾನ ಮಾಡಿದರು. ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಊಟ ಬಿಟ್ಟೆ. "ನನ್ನಿಂದ ತಪ್ಪಾಯ್ತು ಕಣೇ ಪುಟ್ಟಿ" ಎಂದು ದೊಡ್ಡಮ್ಮ ತಟ್ಟೆ ಹಿಡಿದುಕೊಂಡು ನನ್ನ ಮುಂದೆ ಕೂತಿದ್ದರು. ಕೊನೆಗೆ ಒಂದು ಭಾನುವಾರ ಶಾಂತಕ್ಕ ನನ್ನ ಕೈ ಹಿಡಿದು, "ನಡಿ, ಹೋಗಿ ಇಸ್ಕೊಂಡ ಬರೂಣು" ಎಂದು ಹೊರಡಿಸಿದಳು.

ಮಳೆ ಬಂದು ನಿಂತಿತ್ತು. ತಿಲಕ್ ನಗರದ ಆ ಓಣಿಯಲ್ಲಿ ನೀರು ತಪ್ಪಿಸಿಕೊಳ್ಳುತ್ತ ನಡೆದು, ಕೇಳಿಕೊಂಡು, ಒಂದು ಕಟ್ಟಡದ ಹಿಂಭಾಗದ ಮೆಟ್ಟಿಲು ಹತ್ತಿದೆವು. ಬಾಗಿಲು ತೆರೆದೇ ಇತ್ತು. ಟೀಚರ್ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ದೀಪ ಹಾಕಿರಲಿಲ್ಲ. ನಾವು ಎದುರಿಗೇ ನಿಂತಿದ್ದರೂ "ಯಾರು? ಗ್ಯಾಸಿನವರಾ?" ಎಂದರು.

"ಸರೋಜಮ್ಮನ ಮನೆಯಿಂದ. ಪುಸ್ತಕ ಇಸ್ಕೊಂಡು ಹೋಗೋಕೆ ಬಂದ್ವಿ" ಎಂದೆ ನಾನು. ನನ್ನ ದನಿ ಬಿರುಸಾಗಿತ್ತು.

"ಅಯ್ಯೋ, ತುಂಬ ತಡ ಆಗೋಯ್ತಲ್ವಾ? ಮಳೆ ನೋಡು, ರಸ್ತೆ ದಾಟೋಕೆ ಧೈರ್ಯ ಬರ್ಲಿಲ್ಲ ಮರಿ" ಎಂದು ಅವರು ದಿಂಬಿನ ಪಕ್ಕ ತಡವಿದರು. ಪುಸ್ತಕ ಸಿಕ್ಕಿತು. ಅದನ್ನು ನಾನಿದ್ದ ಕಡೆಗಲ್ಲದೆ ಸ್ವಲ್ಪ ಆಚೆಗೆ ಚಾಚಿದರು. ಆಗ ಶಾಂತಕ್ಕನಿಗೆ ಅರ್ಥವಾಯಿತು. "ಅಮ್ಮಾರ, ನಿಮಗ ಕಣ್ಣು ಕಾಣಸ್ತಾವ್ರಿ?" ಎಂದು ಮೆಲ್ಲಗೆ ಕೇಳಿದಳು.

ಟೀಚರ್ ಕಿಟಕಿಯ ಬೆಳಕಿನ ಕಡೆಗೆ ಮುಖ ತಿರುಗಿಸಿದರು. "ಬೆಳಕು ಕಾಣುತ್ತೆ. ಜನ ನೆರಳು ನೆರಳಾಗಿ ಕಾಣ್ತಾರೆ. ಅಕ್ಷರ ಹೋಗಿ ಬಹಳ ದಿನ ಆಯ್ತು. ಡಾಕ್ಟರು ಇನ್ನೇನೂ ಮಾಡೋಕಾಗಲ್ಲ ಅಂದ್ರು. ಸರೋಜಂಗೆ ಹೇಳ್ಬೇಡಿ. ಓದೋಕಾಗಲ್ಲ ಅಂದ್ರೆ ಪುಸ್ತಕ ಯಾಕೆ ತಗೊಂಡು ಹೋಗ್ತೀರಿ ಅಂತಾಳೆ. ಆಮೇಲೆ ನಾನು ಯಾವ ನೆಪ ಹೇಳ್ಕೊಂಡು ಅಲ್ಲಿಗೆ ಬರ್ಲಿ?"

ಓದದ ಪುಸ್ತಕಗಳನ್ನು ಅವರು ಹಾಗೆ ಎಷ್ಟು ಕಾಲದಿಂದ ಒಯ್ದು ತರುತ್ತಿದ್ದರೋ. ಕೊನೆ ಎಳೆದಿದ್ದಾರೆ ಎನ್ನುವುದು ಎಲ್ಲ ಕಾದಂಬರಿಗೂ ಸಲ್ಲುವ ಮಾತಾದ್ದರಿಂದ ಹೇಳುತ್ತಿದ್ದರು, ಅಷ್ಟೇ. ನನಗೆ ಅದೆಲ್ಲ ಆಗ ಪೂರ್ತಿ ತಿಳಿಯಲಿಲ್ಲ. ನಾನು ಪುಸ್ತಕ ಬಿಡಿಸಿ ನೋಡಿದೆ. ಗುರುತುಪಟ್ಟಿ ಇರಲಿಲ್ಲ. ಅದು ಅವರ ಎಡಗೈಯಲ್ಲಿತ್ತು. ಹೆಬ್ಬೆರಳಿನಿಂದ ಹೊಲಿಗೆಯ ಸಾಲುಗಳನ್ನು ಸವರುತ್ತಾ ಇದ್ದರು. ನಾವು ಬರುವ ಮೊದಲಿನಿಂದಲೂ ಹಾಗೇ ಕೂತಿದ್ದಿರಬೇಕು.

"ಇದನ್ನ ಯಾರು ಹೊಲಿದಿದ್ದು?" ಎಂದರು.

"ನಾನು."

"ಅದಕ್ಕೇ. ಇಲ್ಲಿ ನಡುವೆ ಬೇಜಾರಾಗಿ ಉದ್ದುದ್ದ ಹೊಲಿಗೆ ಹಾಕಿದೀಯ. ಆಮೇಲೆ ಮತ್ತೆ ಮನಸ್ಸು ಕೊಟ್ಟು ಸಣ್ಣ ಸಣ್ಣದು. ಎಲ್ಲಾ ಬೆರಳಿಗೆ ಗೊತ್ತಾಗುತ್ತೆ. ಇಷ್ಟು ದಿನ ಇದನ್ನೇ ಓದಿದೆ ಅಂತ ಇಟ್ಕೋ. ಒಳಗಿರೋ ಬಟ್ಟೆ ತುಂಬ ನಯ. ಯಾರದ್ದು?"

"ಅಮ್ಮನ ಸೀರೆ" ಎಂದೆ.

"ಹಳೇದಾ? ಅಮ್ಮ ಬೈಲಿಲ್ವಾ ಹರಿದಿದ್ದಕ್ಕೆ?"

"ಅಮ್ಮ ಸತ್ತುಹೋದ್ರು."

ಆ ಮಾತು ನನ್ನ ಬಾಯಿಂದ ಹೊರಗೆ ಬಿದ್ದದ್ದನ್ನು ನಾನೇ ಕೇಳಿಸಿಕೊಂಡೆ. ಅಪ್ಪನ ಮುಂದೆ, ದೊಡ್ಡಮ್ಮನ ಮುಂದೆ, ಕನ್ನಡಿಯ ಮುಂದೆ ಕೂಡ ಹೇಳಿಕೊಳ್ಳದಿದ್ದ ಮಾತನ್ನು ನನ್ನ ಮುಖವೇ ಕಾಣದ ಒಬ್ಬರ ಮುಂದೆ ಹೇಳಿದ್ದೆ. ಶಾಂತಕ್ಕನ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿಯಿತು. ಟೀಚರ್ ಅಯ್ಯೋ ಪಾಪ ಎನ್ನಲಿಲ್ಲ. ಗುರುತುಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ತಟ್ಟೆಯಲ್ಲಿ ತಾಂಬೂಲ ಕೊಡುವಂತೆ ನನ್ನ ಕಡೆಗೆ ಚಾಚಿದರು. ನಾನು ತೆಗೆದುಕೊಂಡೆ. ಆಮೇಲೆ ಏನು ತೋಚಿತೋ, ಪುಸ್ತಕದ ಮೊದಲನೇ ಪುಟ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಜೋರಾಗಿ ಓದತೊಡಗಿದೆ. ಅಳು ಬರುತ್ತಿತ್ತು, ಓದುತ್ತಿದ್ದೆ. ಟೀಚರ್ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಒಂದು ಕಡೆ ಮಾತ್ರ ತಡೆದು, "ಮಹಾಪ್ರಾಣ ನುಂಗ್ಬೇಡ. ಇನ್ನೊಂದು ಸಲ ಹೇಳು" ಎಂದರು.

ಅಂದಿನಿಂದ ಭಾನುವಾರದ ಮಧ್ಯಾಹ್ನಗಳು ಟೀಚರ್ ಮನೆಯಲ್ಲಿ ಕಳೆದವು. ದೊಡ್ಡಮ್ಮನಿಗೆ ನಾವು ಏನೂ ಹೇಳಲಿಲ್ಲ, ಆದರೆ ಪುಸ್ತಕ ಆರಿಸುವಾಗ ಅವರೇ, "ಇದು ಬೇಡ, ಕೇಳೋಕೆ ಚೆನ್ನಾಗಿರಲ್ಲ. ಇದು ತಗೊಂಡು ಹೋಗು" ಎಂದು ಬದಲಿಸಿಕೊಡುತ್ತಿದ್ದರು. ಅವರಿಗೆ ನಮಗಿಂತ ಮೊದಲೇ ತಿಳಿದಿತ್ತೋ ಏನೋ. ಓದು ನಿಲ್ಲಿಸುವ ಹೊತ್ತಿಗೆ ಟೀಚರ್ ಕೈ ಚಾಚುತ್ತಿದ್ದರು, ನಾನು ಗುರುತುಪಟ್ಟಿ ಕೊಡುತ್ತಿದ್ದೆ, ಅವರೇ ಅದನ್ನು ಪುಟಗಳ ನಡುವೆ ಇಟ್ಟು ಪುಸ್ತಕ ಮುಚ್ಚುತ್ತಿದ್ದರು. ಅದು ಅವರ ಕೆಲಸವೆಂದು ನಮ್ಮಲ್ಲಿ ಮಾತಿಲ್ಲದೆ ಗೊತ್ತಾಗಿತ್ತು. ಶಾಂತಕ್ಕ ಬಾಗಿಲ ಬಳಿ ಹೊಲಿಗೆ ಹಿಡಿದು ಕೂರುತ್ತಿದ್ದಳು. ಕಥೆಯಲ್ಲಿ ಅತ್ತೆಯೊಬ್ಬಳು ಸೊಸೆಯನ್ನು ಗೋಳಾಡಿಸಿದರೆ ಸೂಜಿ ನಿಲ್ಲಿಸಿ, "ಆಕೀ ಬಾಯಾಗ ಮಣ್ಣ ಬೀಳ್ಲಿ" ಎನ್ನುತ್ತಿದ್ದಳು. ಟೀಚರ್ ನಗುತ್ತಿದ್ದರು. ನನ್ನ ಬಾಲ್ಯದಲ್ಲಿ ಸುಖ ಎಂದು ನಾನು ಬೆರಳಿಟ್ಟು ತೋರಿಸಬಹುದಾದದ್ದು ಇದ್ದರೆ ಆ ಕೋಣೆಯಲ್ಲಿತ್ತು.

ಅಂಥವು ಹೇಗೆ ಮುಗಿಯುತ್ತವೆಂದು ನಿಮಗೆ ಗೊತ್ತಿದೆ. ಯಾವ ದಿನ ಮುಗಿಯಿತೆಂದು ಹೇಳಲಾಗುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಟೀಚರ್ ಅವರ ಅಣ್ಣನ ಮಗಳು ಮೈಸೂರಿನಿಂದ ಬಂದು ಅವರನ್ನು ಕರೆದುಕೊಂಡು ಹೋದರು. ನಾವು ಓದುತ್ತಿದ್ದ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅದನ್ನು ಗುರುತುಪಟ್ಟಿಯ ಸಮೇತ ಅವರ ಚೀಲದಲ್ಲಿಟ್ಟೆ. "ಇದರ ಕೊನೆ ನೀನೇ ಅಲ್ಲಿಗೆ ಬಂದು ನಂಗೆ ಓದಿ ಹೇಳ್ಬೇಕು" ಎಂದರು. ಮೈಸೂರಿಗೆ ಹೋಗುವುದಾಗಲಿಲ್ಲ. ಅವರು ತೀರಿಹೋದ ಸುದ್ದಿ ಬಂದಾಗ ನನಗೆ ಪರೀಕ್ಷೆ ನಡೆಯುತ್ತಿತ್ತು. ಶಾಂತಕ್ಕನ ಗಂಡನಿಗೆ ಮೈ ಹುಷಾರು ತಪ್ಪಿ, ಅವರೂ ಊರಿಗೆ ಹಿಂದಿರುಗಿದರು. ಆ ಶೀಟಿನ ಕೋಣೆಗೆ ಬೇರೆಯವರು ಬಂದರು, ಹೋದರು. ಆಮೇಲೆ ಅದರಲ್ಲಿ ಹಳೆಯ ಸಾಮಾನು ತುಂಬಿಟ್ಟೆವು. ಅಪ್ಪ ತುಮಕೂರಿನಲ್ಲಿ ಮತ್ತೊಂದು ಸಂಸಾರ ಕಟ್ಟಿಕೊಂಡರು. ನಾನು ದೊಡ್ಡಮ್ಮನ ಮಗಳಾಗಿಯೇ ಉಳಿದೆ. ಲೈಬ್ರರಿಗೆ ಬರುವವರು ಮೆಲ್ಲಗೆ ಕಡಿಮೆಯಾದರು. ಆದರೂ ಸಂಜೆಯಾದರೆ ದೊಡ್ಡಮ್ಮ ಮುಂದಿನ ಕೋಣೆಯ ದೀಪ ಹಾಕಿ ಕೂರುತ್ತಿದ್ದರು. ಯಾರೂ ಬರದಿದ್ದ ದಿನ ತಾವೇ ಒಂದು ಪುಸ್ತಕ ತೆಗೆದು, ನೇರವಾಗಿದ್ದ ಪುಟದ ಮೂಲೆಗಳನ್ನೇ ನೀವುತ್ತಿದ್ದರು.

ಅವರು ತೀರಿಕೊಂಡ ಮೇಲೆ ಮನೆ ದೊಡ್ಡಪ್ಪನ ಕಡೆಯವರಿಗೆ ಸೇರಿತು. ಅವರೇನೂ ಕೆಟ್ಟವರಲ್ಲ, ನಿನಗೇನು ಬೇಕೋ ತಗೋ ಎಂದರು. ಏನು ತೆಗೆದುಕೊಳ್ಳುವುದು? ಒಂದೆರಡು ಪಾತ್ರೆ, ಒಂದು ಪೆಟ್ಟಿಗೆ ಪುಸ್ತಕ ಅಂಜನಾಪುರದ ನನ್ನ ಪುಟ್ಟ ಫ್ಲಾಟಿಗೆ ಬಂದವು. ಒಂದು ಸಲ ಇಲ್ಲಿ ಕಾಗದದ ಬಟ್ಟೆ ಮಾಡಲು ಹೊರಟೆ. ಬಾಲ್ಕನಿಗೆ ಎದುರಿನ ಕಟ್ಟಡದ ನೆರಳು. ಬಿಸಿಲು ಬಂದರೂ ಅರ್ಧ ಗಳಿಗೆ. ಎರಡು ದಿನವಾದರೂ ಅದು ಒಣಗಲಿಲ್ಲ, ಮೂರನೆಯ ದಿನ ಬೂಷ್ಟು ಹಿಡಿಯಿತು. ಅದನ್ನು ಸುತ್ತಿ ಕಸಕ್ಕೆ ಹಾಕುವಾಗ, ನೋಡಿ ನಗುವವರು ಯಾರೂ ಇಲ್ಲವಲ್ಲ ಎನ್ನಿಸಿತು.

ದೊಡ್ಡಮ್ಮ ಹೋದ ಸುದ್ದಿಯನ್ನು ಶಾಂತಕ್ಕನಿಗೆ ಮುಟ್ಟಿಸಲು ಪ್ರಯತ್ನಪಟ್ಟಿದ್ದೆ. ಅವಳ ಮಗನ ನಂಬರು ಬದಲಾಗಿತ್ತು. ಊರಿಗೆ ಹೋದ ಮೇಲೂ ಅವಳು ವರ್ಷವೋ ಎರಡು ವರ್ಷವೋ ಬಿಟ್ಟು, ಹೇಳದೆ ಕೇಳದೆ, ಗಂಟು ಹೊತ್ತು ದೊಡ್ಡಮ್ಮನನ್ನು ನೋಡಲು ಬರುತ್ತಿದ್ದಳು. ಹೋದ ಬೇಸಿಗೆಯಲ್ಲಿ ನಾನು ಕೆಲಸದಲ್ಲಿದ್ದಾಗ ಹಳೆಯ ಮನೆಯ ಎದುರಿನ ಇಸ್ತ್ರಿ ಗಾಡಿಯ ಮುನಿಯಪ್ಪನ ಫೋನು ಬಂತು. "ಮೇಡಂ, ನಿಮ್ ಕಡೆಯೋರ್ ಯಾರೋ ಬಂದವ್ರೆ. ರೋಣದೋರಂತೆ. ಮನೆ ಎಲ್ಲೋಯ್ತು ಅಂತ ಅಳ್ತಾ ನಿಂತವ್ರೆ."

ಆಟೋ ಹಿಡಿದು ಹೋದೆ. ಮನೆಯಿದ್ದ ಕಡೆ ತಗಡಿನ ಬೇಲಿ, ಅದರೊಳಗೆ ಆಳವಾದ ಗುಂಡಿ, ಕಬ್ಬಿಣದ ಸರಳುಗಳು. ಹೊಂಗೆಮರವೂ ಇಲ್ಲ. ಶಾಂತಕ್ಕ ರಸ್ತೆಯ ಆಚೆ ಒಂದು ಕಲ್ಲುಚಪ್ಪಡಿಯ ಮೇಲೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಏಳಲಿಲ್ಲ. "ಅಕ್ಕಾರು ಎಲ್ಲದಾರವಾ?" ಎಂದಳು. ಹೇಳಿದೆ. ಅವಳು ಮತ್ತೆ ಅಳಲಿಲ್ಲ. ಮನೆಗಾಗಿ ಅತ್ತಾಗಲೇ ಅವಳಿಗೆ ಗೊತ್ತಾಗಿತ್ತು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ತಗಡಿನ ಬೇಲಿಯ ಮೇಲಕ್ಕೆ, ಬರೀ ಆಕಾಶಕ್ಕೆ ಕೈ ತೋರಿಸಿದಳು. "ಅಲ್ಲೇ ಅಲ್ಲೇನು ನಾವು ಕುಂದ್ರತಿದ್ದಿದ್ದು? ಅಷ್ಟ ಎತ್ತರದಾಗ?" ನಾನೂ ನೋಡಿದೆ. ಹೌದು, ತಾರಸಿ ಅಷ್ಟೇ ಎತ್ತರದಲ್ಲಿತ್ತು. ಅಲ್ಲೀಗ ಏನೂ ಇರಲಿಲ್ಲ. ಎರಡು ಕಾಗೆ ಆ ಜಾಗವನ್ನು ಹಾಯ್ದು ಹೋದವು.

ಮನೆಗೆ ಬಾ, ನಾಲ್ಕು ದಿನ ಇರು ಎಂದು ಎಷ್ಟು ಕರೆದರೂ ಬರಲಿಲ್ಲ. ಸೊಸೆ ಬಸುರಿಯಂತೆ, ಅಂದೇ ಹಿಂದಿರುಗಬೇಕಂತೆ. ಮೆಜೆಸ್ಟಿಕ್‌ವರೆಗೆ ಜೊತೆಗೆ ಹೋದೆ. ಬಸ್ಸಿನಲ್ಲಿ ಸೀಟು ಹಿಡಿದು ಕೂತ ಮೇಲೆ ಅವಳು ಕಿಟಕಿಯಿಂದ ಕೇಳಿದಳು, "ಮನ್ಯಾಗ ನಿನ್ನ ಕೂಡ ಯಾರದಾರವಾ ಈಗ?"

ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತದಂತೆ ಎಂದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ದೊಡ್ಡಮ್ಮನಿಗೆಂದು ತಂದಿದ್ದ ಗಂಟನ್ನು ಬಿಚ್ಚದೆ, ಹಾಗೇ ಕಿಟಕಿಯಿಂದ ನನ್ನ ಕೈಗೆ ಇಳಿಸಿದಳು. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. "ಕೆಡೂದಿಲ್ಲ ಇವು. ಎಷ್ಟ ದಿನಾ ಇಟ್ರೂ ಇರ್ತಾವ. ದಿನಾ ಒಂದ ಹಚ್ಚಿಕೊಂಡ ತಿನ್ನು" ಎಂದಳು. ಬಸ್ಸು ಹೊರಟಿತು. ಅವಳ ಕೈ ಸ್ವಲ್ಪ ದೂರದವರೆಗೆ ಕಿಟಕಿಯ ಹೊರಗೇ ಇತ್ತು.

ಒಂದು ದೊಡ್ಡ ಸಂಸಾರಕ್ಕೆ ಸಾಕಾಗುವಷ್ಟು ರೊಟ್ಟಿ ಇದ್ದವು. ಅವಳು ಹೇಳಿದ ಹಾಗೆಯೇ, ದಿನಕ್ಕೊಂದರಂತೆ, ಸಂಜೆ ಕೆಲಸದಿಂದ ಬಂದು ತಿಂದೆ. ಅವು ಮುಗಿಯಲು ಬಹಳ ದಿನ ಹಿಡಿಯಿತು.